ಅಮೆರಿಕಾಕ್ಕೆ ವಾಪಸ್ ಹೋದ ಜೀಪು ರಸ್ತೆಗೆ ಇಳಿಯಲಿಲ್ಲ

ಮೂರು ದಿನದಿಂದ ಮಳೆ ಹೊಳವು ಕೊಟ್ಟಿಲ್ಲ. ಗೊಬ್ಬರ ಹಾಕೋ ಕೆಲಸ ಅರ್ಧಕ್ಕೆ ನಿಂತಿದೆ. ಕರೆಂಟು ಇರುವಾಗಲೇ ಇದನ್ನ ಬರೆದು ಮುಗಿಸೋಣ ಅಂತ ಕೂತಿದ್ದೀನಿ.

ಹೋದ ವರ್ಷ ನಾನು ಒಂದು ಎಟಿವಿ ಫೋಟೋ ಹಾಕಿದ್ದು ನಿಮಗೆ ನೆನಪಿರಬಹುದು. ನಾಲ್ಕು ದಪ್ಪ ಟೈರು, ಬೈಕಿನ ಹಾಗೆ ಹ್ಯಾಂಡಲ್ ಹಿಡಿದು ಓಡಿಸೋ ಗಾಡಿ. ಎಷ್ಟಾಯ್ತು, ಎಲ್ಲಿ ಸಿಗುತ್ತೆ, ಗುಡ್ಡ ಹತ್ತುತ್ತಾ ಅಂತ ತುಂಬಾ ಜನ ಕೇಳಿದ್ರಿ. ಉತ್ತರ ಕೊಡಲಿಲ್ಲ, ಕ್ಷಮಿಸಿ. ಕೊಡೋ ಸ್ಥಿತಿಯಲ್ಲಿ ಇರಲಿಲ್ಲ. ನಮ್ಮ ತೋಟ ಎರಡು ತುಂಡಾಗಿದೆ, ಮಧ್ಯೆ ಪಂಚಾಯ್ತಿ ಟಾರು ರಸ್ತೆ. ಗಾಡಿ ತಂದು ಎರಡು ತಿಂಗಳಾಗಿತ್ತು. ನಮ್ಮ ಡ್ರೈವರ್ ಹುಡುಗ ಔಷಧಿ ಡ್ರಮ್ ಕಟ್ಟಿಕೊಂಡು ಈ ಕಡೆಯಿಂದ ಆ ಕಡೆಗೆ ದಾಟುವಾಗ ತಿರುವಿನಲ್ಲಿ ಬೈಕೊಂದು ಬಂದು ಹೊಡೆಯಿತು. ಹುಡುಗನ ಕಾಲಿನ ಮೂಳೆ ಎರಡು ಕಡೆ ಮುರಿಯಿತು. ಅವನ ಹತ್ತಿರ ಲೈಸೆನ್ಸ್ ಇತ್ತು. ಗಾಡಿಗೆ ಆರ್‌ಸಿ ಇರಲಿಲ್ಲ, ಇನ್ಶೂರೆನ್ಸ್ ಇರಲಿಲ್ಲ. ಬೈಕಿನವನು ಜೋರಾಗಿ ಬಂದಿದ್ದು ನೋಡಿದವರು ಇದ್ದರೂ, ಸ್ಟೇಷನ್ನಿನಲ್ಲಿ ಮೊದಲು ಕೇಳಿದ್ದು "ಇದು ಯಾವ ಗಾಡಿ? ನಂಬರ್ ಎಲ್ಲಿ?" ಅಂತ. ಆಮೇಲೆ ನಮ್ಮ ಮಾತಿಗೆ ತೂಕ ಇರಲಿಲ್ಲ. ಆಸ್ಪತ್ರೆ ಖರ್ಚು 1.4 ಲಕ್ಷ ನಾನೇ ಕೊಟ್ಟೆ, ಕೊಡಲೇಬೇಕಿತ್ತು. ಹುಡುಗ ಆರು ತಿಂಗಳು ಮನೆಯಲ್ಲಿ ಕೂತ.

ಮಾರಿದವನು "ಆರ್‌ಟಿಓ ಎಲ್ಲ ಆಗುತ್ತೆ ಸಾರ್, ಪೇಪರ್ ಹಿಂದೆ ಬರುತ್ತೆ" ಅಂದಿದ್ದ. ಮನೆಗೆ ಬಂದು ಬಿಲ್ ತೆಗೆದು ನೋಡಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ 'ಫಾರ್ ಆಫ್ ರೋಡ್ ಯೂಸ್ ಓನ್ಲಿ' ಅಂತ ಬರೆದಿತ್ತು. ಕೊಳ್ಳುವಾಗ ಓದಿರಲಿಲ್ಲ, ನನ್ನದೇ ತಪ್ಪು.

ಆ ನಾಲ್ಕು ಅಕ್ಷರದ ಅರ್ಥ ಏನು ಅಂತ ಹುಡುಕುತ್ತಾ ಹೋದಾಗ ಎಲ್ಲೆಲ್ಲಿಗೋ ಹೋದೆ. ಕೊನೆಗೆ ಬಂದು ನಿಂತಿದ್ದು ನಮ್ಮ ಶೆಡ್ಡಿನಲ್ಲೇ ಇರೋ ಅಪ್ಪನ ಕಾಲದ ಜೀಪಿನ ಹತ್ತಿರ.

2018ರಲ್ಲಿ ಅಣ್ಣನ ಮಗ ಮಿಷಿಗನ್‌ನಿಂದ ಒಂದು ಫೋಟೋ ಕಳಿಸಿದ್ದ. ಟ್ರ್ಯಾಕ್ಟರ್ ಅಂಗಡಿ ಮುಂದೆ ನಿಂತ ಜೀಪು. "ಚಿಕ್ಕಪ್ಪ, ನಿಮ್ಮ ಜೀಪು ಇಲ್ಲಿ ಮಾರ್ತಾ ಇದಾರೆ. ಆದ್ರೆ ರೋಡಿಗೆ ಇಳಿಸೋ ಹಾಗಿಲ್ಲವಂತೆ!" ಆಗ ತಮಾಷೆ ಅಂದುಕೊಂಡು ನಕ್ಕು ಬಿಟ್ಟಿದ್ದೆ. ಈಗ ಆ ಕಥೆ ಪೂರ್ತಿ ತಿಳಿದುಕೊಂಡೆ.

ಜೀಪು ಹುಟ್ಟಿದ್ದೇ ಅಮೆರಿಕಾದಲ್ಲಿ. 1940ರಲ್ಲಿ ಅಲ್ಲಿನ ಸೈನ್ಯಕ್ಕೆ ಹಗುರವಾದ, ನಾಲ್ಕೂ ಚಕ್ರ ಎಳೆಯೋ ಗಾಡಿ ಬೇಕಾಗಿತ್ತು. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಮೊದಲ ಮಾದರಿ ಮಾಡಿಕೊಟ್ಟಿತು. ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯೋ ಹೊತ್ತಿಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. ಯುದ್ಧ ನಿಂತ ಮೇಲೆ ಇಷ್ಟು ದೊಡ್ಡ ಕಾರ್ಖಾನೆ ಏನು ಮಾಡಬೇಕು? ಓಹಾಯೋದ ಟೊಲೀಡೋದಲ್ಲಿದ್ದ ವಿಲ್ಲಿಸ್ ಕಂಪನಿ 1945ರಲ್ಲಿ ಸಿಜೆ-2ಎ ಅಂತ ಸಾರ್ವಜನಿಕರಿಗೆ ಜೀಪು ತಂದಿತು. ಸಿಜೆ ಅಂದರೆ ಸಿವಿಲಿಯನ್ ಜೀಪ್. ಅದರ ಮೊದಲ ಗಿರಾಕಿ ಅಂತ ಕಂಪನಿ ಕಣ್ಣಿಟ್ಟಿದ್ದು ಯಾರ ಮೇಲೆ ಗೊತ್ತಾ? ನಮ್ಮಂಥ ರೈತರ ಮೇಲೆ. ಹಿಂದೆ ನೇಗಿಲು ಕಟ್ಟೋಕೆ ಕೊಂಡಿ, ಯಂತ್ರ ತಿರುಗಿಸೋಕೆ ಪಿಟಿಓ, ಎಂಜಿನ್ ಒಂದೇ ವೇಗದಲ್ಲಿ ಓಡೋಕೆ ಗವರ್ನರ್, ಎಲ್ಲ ಸಿಗುತ್ತಿತ್ತು. ಹಗಲು ಉಳುಮೆ, ಸಂಜೆ ಪೇಟೆ, ಭಾನುವಾರ ಚರ್ಚು ಅನ್ನೋ ಲೆಕ್ಕ. ಉಳುಮೆಗೆ ಅದು ಟ್ರ್ಯಾಕ್ಟರಿನಷ್ಟು ಹೊಂದಲಿಲ್ಲ. ಆದರೆ ಗದ್ದೆಗೂ ರಸ್ತೆಗೂ ಒಂದೇ ಗಾಡಿ ಸಾಕು ಅನ್ನೋ ಆಲೋಚನೆ ಅಲ್ಲಿಂದ ಶುರುವಾಯಿತು, ಅದಕ್ಕೆ ನಂಬರ್ ಪ್ಲೇಟು ಕೊಡೋಕೆ ಆಗ ಯಾರ ತಕರಾರೂ ಇರಲಿಲ್ಲ.

ಅದೇ 1945ರಲ್ಲಿ ಪಂಜಾಬಿನ ಲೂಧಿಯಾನದಲ್ಲಿ ಮಹೀಂದ್ರಾ ಸಹೋದರರು ಮತ್ತು ಗುಲಾಂ ಮೊಹಮ್ಮದ್ ಸೇರಿ ಉಕ್ಕಿನ ವ್ಯಾಪಾರಕ್ಕೆ 'ಮಹೀಂದ್ರಾ ಅಂಡ್ ಮೊಹಮ್ಮದ್' ಕಂಪನಿ ಕಟ್ಟಿದರು. ದೇಶ ಎರಡಾದಾಗ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1948ರಲ್ಲಿ ಇಲ್ಲಿನ ಕಂಪನಿ 'ಮಹೀಂದ್ರಾ ಅಂಡ್ ಮಹೀಂದ್ರಾ' ಆಯಿತು. ಆ ವರ್ಷಗಳಲ್ಲೇ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಬೊಂಬಾಯಿಯಲ್ಲಿ ಜೋಡಿಸೋಕೆ ಶುರು ಮಾಡಿದರು. ನಿಧಾನವಾಗಿ ಎಲ್ಲ ಭಾಗವೂ ಇಲ್ಲೇ ಆಗೋಕೆ ಶುರುವಾಯಿತು. ಮುಂದಿನದು ನಿಮಗೆ ಗೊತ್ತೇ ಇದೆ. ಮಲೆನಾಡಿನಲ್ಲಿ ಹೆರಿಗೆಗೆ ಹೋದವರು, ಮದುವೆ ದಿಬ್ಬಣ ಹೋದವರು, ಕಾಫಿ ಮೂಟೆ, ಶಾಲೆ ಮಕ್ಕಳು, ಹೆಣ, ಎಲ್ಲವನ್ನೂ ಹೊತ್ತಿದ್ದು ಅದೇ ಗಾಡಿ. ನಮ್ಮ ಅಪ್ಪ ಜೀಪಿಗೆ ಸಗಣಿ ಗೊಬ್ಬರ ತುಂಬಿದ ದಿನವೇ ತೊಳೆದು ಸಂಜೆ ನೆಂಟರ ಮನೆಗೆ ಹೊರಡುತ್ತಿದ್ದರು. ಅಮ್ಮ ಮೂಗು ಮುಚ್ಚಿಕೊಂಡು ಹತ್ತುತ್ತಿದ್ದಳು.

ಅಮೆರಿಕಾದಲ್ಲಿ ಕಾಲ ಬೇರೆ ಥರ ಓಡಿತು. 1966ರಲ್ಲಿ ಅಲ್ಲಿ ವಾಹನ ಸುರಕ್ಷತೆಯ ಕೇಂದ್ರ ಕಾನೂನು ಬಂತು. ಸೀಟ್ ಬೆಲ್ಟು, ಡಿಕ್ಕಿ ಪರೀಕ್ಷೆ, ಆಮೇಲೆ ಏರ್‌ಬ್ಯಾಗು, ಒಂದೊಂದಾಗಿ ಸೇರುತ್ತಾ ಹೋದವು. ಹಳೇ ಸಿಜೆ ಜೀಪು 1986ಕ್ಕೆ ನಿಂತೇ ಹೋಯಿತು. ಆ ಹಳೇ ದೇಹ ಬದುಕಿ ಉಳಿದಿದ್ದು ನಮ್ಮಲ್ಲಿ.

ಹೀಗಿರುವಾಗ 2018ರ ಮಾರ್ಚಿನಲ್ಲಿ ಮಹೀಂದ್ರಾದವರು ಥಾರ್ ಜೀಪಿನ ಮೈಕಟ್ಟನ್ನೇ ಇಟ್ಟುಕೊಂಡು 'ರಾಕ್ಸರ್' ಅಂತ ಒಂದು ಗಾಡಿಯನ್ನ ಮಿಷಿಗನ್‌ನ ಆಬರ್ನ್ ಹಿಲ್ಸ್‌ನಲ್ಲಿ ಹೊರಗೆ ತಂದರು. ಭಾಗಗಳು ಇಲ್ಲಿಂದ ಹೋಗಿ ಅಲ್ಲಿ ಜೋಡಣೆ. ಉಕ್ಕಿನ ದೇಹ, 2.5 ಲೀಟರ್ ಡೀಸೆಲ್ ಎಂಜಿನ್, 62 ಕುದುರೆ ಶಕ್ತಿ, 5 ಗೇರು, ಬೆಲೆ 15 ಸಾವಿರ ಡಾಲರಿನ ಆಸುಪಾಸು. ನಮ್ಮವರಿಗೆ ಚೆನ್ನಾಗಿ ಪರಿಚಯ ಇರೋ ಎಂಜಿನ್ ಅದು. ಆದರೆ ಕಾನೂನಿನ ಲೆಕ್ಕದಲ್ಲಿ ಅದು ಜೀಪೂ ಅಲ್ಲ, ಕಾರೂ ಅಲ್ಲ. ಅಲ್ಲಿನ ಸುರಕ್ಷತಾ ನಿಯಮಗಳು ಮುಖ್ಯವಾಗಿ ಸಾರ್ವಜನಿಕ ರಸ್ತೆಗೆ ಅಂತ ಮಾಡಿದ ಗಾಡಿಗೆ ಮಾತ್ರ ಅನ್ವಯ. ಹೊಲ, ಕಾಡು, ಬೇಟೆ ಜಾಗದಲ್ಲಿ ಓಡಿಸೋಕೆ ಅಂತ ಮಾಡಿದರೆ ಏರ್‌ಬ್ಯಾಗೂ ಬೇಡ, ಡಿಕ್ಕಿ ಪರೀಕ್ಷೆಯೂ ಬೇಡ. ಹಾಗಾಗಿ ರಾಕ್ಸರ್ ಎಟಿವಿಗಳ ಸಾಲಿಗೆ ಸೇರಿತು. ವೇಗವನ್ನ ಮೊದಲು ಗಂಟೆಗೆ 45 ಮೈಲಿಗೆ ಕಟ್ಟಿ ಹಾಕಿದ್ದರು, ಅಂದರೆ ನಮ್ಮ ಲೆಕ್ಕದಲ್ಲಿ 72 ಕಿಲೋಮೀಟರ್. ನಮ್ಮಲ್ಲಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರೋ ಗಾಡಿ ಅಲ್ಲಿ ಗೇಟಿನ ಒಳಗಿನ ಗಾಡಿ. ಕೆಲವು ರಾಜ್ಯಗಳಲ್ಲಿ ಇಂಥವಕ್ಕೂ ಊರಿನ ಸಣ್ಣ ರಸ್ತೆಗೆ ಅನುಮತಿ ಇದೆ, ಪಕ್ಕದ ರಾಜ್ಯದಲ್ಲಿ ಇಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಆಗಸ್ಟ್ ತಿಂಗಳಲ್ಲಿ, ಆಗ ಜೀಪ್ ಹೆಸರಿನ ಮಾಲೀಕರಾಗಿದ್ದ ಫಿಯಟ್ ಕ್ರೈಸ್ಲರ್ ಕಂಪನಿ ಅಲ್ಲಿನ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು. ಇದು ನಮ್ಮ ಜೀಪಿನ ರೂಪದ ನಕಲು ಅಂತ. ದೂರಿನಲ್ಲಿ ಪಟ್ಟಿ ಮಾಡಿದ್ದು ಏನೇನು ಅಂತ ಓದಿದಾಗ ಎದ್ದು ಹೋಗಿ ಶೆಡ್ಡಿನಲ್ಲಿ ನಮ್ಮ ಜೀಪಿನ ಸುತ್ತ ಒಂದು ಸುತ್ತು ಬಂದೆ. ಪೆಟ್ಟಿಗೆಯಂಥ ದೇಹ, ಚಪ್ಪಟೆ ಪಕ್ಕಗಳು, ಮುಂದಕ್ಕೆ ಹೋಗ್ತಾ ಕಿರಿದಾಗೋ ಬಾನೆಟ್, ಗ್ರಿಲ್ಲಿನ ಉದ್ದುದ್ದ ಸೀಳು, ಬಾನೆಟ್ಟಿಗೆ ಹೊರಗಿನಿಂದ ಹಾಕೋ ಕ್ಲಿಪ್ಪು, ಬಾಗಿಲ ಜಾಗದಲ್ಲಿ ಬಿಟ್ಟ ಆ ಕತ್ತರಿಸಿದ ಆಕಾರ. ಎಲ್ಲ ಇದೆ! 2020ರ ಜೂನ್‌ನಲ್ಲಿ ಆಯೋಗ ರಾಕ್ಸರ್ ಆಮದಿಗೂ ಮಾರಾಟಕ್ಕೂ ತಡೆ ಹಾಕಿತು. ಮಹೀಂದ್ರಾದವರು ಮುಖವನ್ನೇ ಬದಲಾಯಿಸಿದರು. ಆ ವರ್ಷದ ಡಿಸೆಂಬರಿನಲ್ಲಿ, ಹೊಸ ಮುಖಕ್ಕೆ ತಕರಾರಿಲ್ಲ ಅಂತ ಆಯೋಗ ಹೇಳಿತು. ಕೋರ್ಟಿನ ಜಗಳ ಆಮೇಲೂ ನಡೆಯಿತು. ಜೀಪ್ ಕಂಪನಿಯವರ ಕಡೆಗೂ ನ್ಯಾಯ ಇಲ್ಲದೇ ಇಲ್ಲ, ಹೆಸರೂ ರೂಪವೂ ಅವರ ಆಸ್ತಿ. ಆದರೂ ಅಜ್ಜನ ಮನೆಗೆ ಹೋದ ಮೊಮ್ಮಗನನ್ನ ಅಜ್ಜನ ಮುಖ ಹೊತ್ತು ಬಂದಿದ್ದೀಯ ಅಂತ ಬಾಗಿಲಲ್ಲೇ ನಿಲ್ಲಿಸಿದ ಹಾಗೆ ನನಗೆ ಅನ್ನಿಸಿತು.

ಜೀಪು ಬೇಡ, ಹಿಂದೆ ತೊಟ್ಟಿ ಇಟ್ಟು ಸಣ್ಣ ಪಿಕಪ್ ಮಾಡಿ ಕಳಿಸಿದರೆ ಆಗದಾ ಅಂತ ಕೇಳಬಹುದು. ಹೊರಗಿನಿಂದ ಬರೋ ಪಿಕಪ್ಪಿಗೆ ಅಲ್ಲಿ ಇನ್ನೊಂದು ಹಳೇ ಗೋಡೆ ಇದೆ. ಅದನ್ನ ಕಟ್ಟಿಸಿದ್ದು ಕೋಳಿ.

ಸುಳ್ಳಲ್ಲ ಮಾರಾಯ್ರೆ. 1950ರ ದಶಕದ ಕೊನೆಗೆ ಅಮೆರಿಕಾದ ಫಾರಂ ಕೋಳಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಅಗ್ಗದಲ್ಲಿ ನುಗ್ಗಿತು. ಅಲ್ಲಿನ ಕೋಳಿ ಸಾಕೋ ರೈತರು ಗಲಾಟೆ ಮಾಡಿದರು. 1962ರಲ್ಲಿ ಯುರೋಪಿನ ಒಕ್ಕೂಟ ಕೋಳಿ ಮೇಲೆ ಸುಂಕ ಏರಿಸಿತು. ಅದಕ್ಕೆ ಉತ್ತರವಾಗಿ 1963ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಮತ್ತು ಸಣ್ಣ ಟ್ರಕ್ಕು, ಈ ನಾಲ್ಕರ ಮೇಲೆ ಸುಂಕ ಹಾಕಿದರು. ಟ್ರಕ್ಕಿಗೆ ಶೇ. 25. ಗುರಿ ಇದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನು. ಕೋಳಿ ಜಗಳ ಮರೆತುಹೋಯಿತು. ಟ್ರಕ್ಕಿನ ಸುಂಕ ಮಾತ್ರ ಅರವತ್ತು ವರ್ಷ ಕಳೆದರೂ ಹೋಗಿಲ್ಲ. ಒಳಗಿನ ದೊಡ್ಡ ಕಂಪನಿಗಳಿಗೆ ಅದರಿಂದ ಅನುಕೂಲ ಆಯ್ತಲ್ಲ, ಅದಕ್ಕೇ.

ತಪ್ಪಿಸಿಕೊಳ್ಳೋಕೆ ಏನೆಲ್ಲ ಮಾಡಿದರು ನೋಡಿ. 1970ರ ದಶಕದ ಕೊನೆಗೆ ಜಪಾನಿನ ಸುಬಾರು ಕಂಪನಿ 'ಬ್ರ್ಯಾಟ್' ಅನ್ನೋ ನಾಲ್ಕು ಚಕ್ರ ಎಳೆಯೋ ಪುಟ್ಟ ಪಿಕಪ್ ಕಳಿಸಿತು. ಹಿಂದಿನ ತೊಟ್ಟಿಯಲ್ಲಿ, ಹಿಂದಕ್ಕೆ ಮುಖ ಮಾಡಿ ಎರಡು ಪ್ಲಾಸ್ಟಿಕ್ ಸೀಟು ಜೋಡಿಸಿದ್ದರು. ಸೀಟು ಇದೆ, ಹಾಗಾಗಿ ಇದು ಜನ ಕೂರೋ ಕಾರು, ಟ್ರಕ್ಕಲ್ಲ! ಕಾರಿಗೆ ಸುಂಕ ತೀರಾ ಕಡಿಮೆ ಇತ್ತು. ಅಧ್ಯಕ್ಷರಾಗಿದ್ದ ರೇಗನ್ ಅವರ ಸ್ವಂತ ರಾಂಚಿನಲ್ಲೂ ಅಂಥದ್ದೊಂದು ಬ್ರ್ಯಾಟ್ ಇತ್ತು. ಫೋರ್ಡ್ ಕಂಪನಿಯಂತೂ ತಾನೇ ತುರ್ಕಿಯಲ್ಲಿ ಮಾಡಿಸಿದ ವ್ಯಾನಿಗೆ ಹಿಂದೆ ಸೀಟು ಹಾಕಿಸಿ ತರಿಸಿ, ಬಂದರು ದಾಟಿದ ಮೇಲೆ ಸೀಟು ಕಿತ್ತು ಸರಕಿನ ವ್ಯಾನ್ ಮಾಡಿ ಮಾರುತ್ತಿತ್ತು. ಆ ಜಗಳ ಕೋರ್ಟು ಹತ್ತಿ, 2024ರಲ್ಲಿ 36.5 ಕೋಟಿ ಡಾಲರ್ ಕಟ್ಟೋಕೆ ಒಪ್ಪಿ ಮುಗಿಯಿತು.

ಇನ್ನು ಜಪಾನಿನ ಸಣ್ಣ ಟ್ರಕ್ಕಿನ ವಿಷಯ. ನನಗೆ ಹೊಟ್ಟೆ ಉರಿದಿದ್ದು ಇದನ್ನ ಓದಿದಾಗ.

ಜಪಾನಿನಲ್ಲಿ 1949ರಿಂದ 'ಕೇ' ಅನ್ನೋ ಒಂದು ವರ್ಗ ಇದೆ. ಸಣ್ಣ ಎಂಜಿನ್, ಸಣ್ಣ ದೇಹ, ಕಡಿಮೆ ತೆರಿಗೆ. ಎಂಜಿನ್ ಮಿತಿ 360 ಸಿಸಿ ಇದ್ದದ್ದು 1976ಕ್ಕೆ 550 ಆಗಿ, 1990ಕ್ಕೆ 660 ಆಯಿತು. ಉದ್ದ 3.4 ಮೀಟರ್ ದಾಟಬಾರದು, ಅಗಲ 1.48 ಮೀಟರ್, ಅಂದರೆ ಐದು ಅಡಿಗೂ ಕಡಿಮೆ. ಹೊರೆ 350 ಕಿಲೋ. ಅಲ್ಲಿನ ಭತ್ತದ ಬಯಲು, ಇಕ್ಕಟ್ಟಿನ ಹಳ್ಳಿ ದಾರಿಗೆ ಅಳೆದು ಹೊಲಿದ ಹಾಗಿದೆ. ಹೋಂಡಾದ 'ಆಕ್ಟಿ' ಟ್ರಕ್ಕಿನಲ್ಲಿ 'ಅಟ್ಯಾಕ್' ಅಂತ ರೈತರಿಗೇ ಒಂದು ಮಾದರಿ ಇತ್ತು. ನಾಲ್ಕು ಚಕ್ರದ ಎಳೆತ, ಹಿಂದೆ ಡಿಫರೆನ್ಷಿಯಲ್ ಲಾಕು, ನಡೆಯೋ ವೇಗದಲ್ಲಿ ಕೆಸರಲ್ಲಿ ಹೋಗೋಕೆ ಒಂದು ವಿಶೇಷ ಕೆಳ ಗೇರು, ರಿವರ್ಸಿಗೂ ಅಂಥದ್ದೇ ಇನ್ನೊಂದು. ಹಾಗಂತ ಅದು ಗೇಟಿನ ಒಳಗಿನ ಗಾಡಿಯಲ್ಲ. ಹಳದಿ ನಂಬರ್ ಪ್ಲೇಟು ಹಾಕಿಕೊಂಡು ಹೆದ್ದಾರಿಯಲ್ಲೂ ಹೋಗುತ್ತೆ. ನಮಗೆ ಇದು ಅಪರಿಚಿತ ಜಾತಿಯೇನಲ್ಲ. ನಮ್ಮ ಊರಲ್ಲೆಲ್ಲ ಓಡಾಡಿದ ಮಾರುತಿ ಓಮ್ನಿ ಇದೇ ಬಳಗದ ಸುಜುಕಿ ಕ್ಯಾರಿಯ ಮಗ. ಓಮ್ನಿ ಅಷ್ಟು ಕಿರಿದಾಗಿ ಇದ್ದದ್ದು ಜಪಾನಿನ ಆ ಅಳತೆ ಪಟ್ಟಿಯಿಂದ.

ಅಲ್ಲಿನ ತಪಾಸಣೆ ಖರ್ಚಿನಿಂದಾಗಿ ಹಳೇ ಟ್ರಕ್ಕು ಇಟ್ಟುಕೊಳ್ಳೋದು ದುಬಾರಿ. ಹಾಗಾಗಿ ಚೆನ್ನಾಗಿರೋ ಗಾಡಿಗಳೂ ಹೊರದೇಶಕ್ಕೆ ಹೋಗುತ್ತವೆ. ಅಮೆರಿಕಾದ ರೈತರು ಹಡಗಿನಲ್ಲಿ ತರಿಸಿಕೊಳ್ತಾರೆ. 1988ರಲ್ಲಿ ಅಲ್ಲಿ ಬಂದ ಕಾನೂನಿನ ಪ್ರಕಾರ, ಅವರ ಸುರಕ್ಷತಾ ನಿಯಮಕ್ಕೆ ಹೊಂದದ ವಿದೇಶಿ ಗಾಡಿಯನ್ನ ಹಾಗೇ ತರೋ ಹಾಗಿಲ್ಲ. 25 ವರ್ಷ ತುಂಬಿದ್ದರೆ ಮಾತ್ರ ವಿನಾಯಿತಿ. ಪಕ್ಕದ ಕೆನಡಾದಲ್ಲಿ 15 ವರ್ಷ ಸಾಕು. ತಂದವರು ಟ್ರಕ್ಕು ಅಂತ ಮೊದಲು ಕೋಳಿ ಸುಂಕ ಕಟ್ಟಬೇಕು. ಕಟ್ಟಿ ತಂದ ಮೇಲೂ ನಂಬರ್ ಕೊಡೋದು ಬಿಡೋದು ಆಯಾ ರಾಜ್ಯದ ಕೈಯಲ್ಲಿ. ರೋಡ್ ಐಲ್ಯಾಂಡ್‌ನಲ್ಲಿ 2021ರಲ್ಲಿ, ಮೊದಲೇ ಕೊಟ್ಟಿದ್ದ ನೋಂದಣಿಯನ್ನೇ ವಾಪಸ್ ತಗೊಳ್ಳೋಕೆ ಹೊರಟರು. ಟೆಕ್ಸಾಸ್‌ನಲ್ಲಿ ಕೊಡಲ್ಲ ಅಂದಿದ್ದರು. ಮಾಲೀಕರು ಒಟ್ಟಾಗಿ ಪಟ್ಟು ಹಿಡಿದ ಮೇಲೆ 2024ರಲ್ಲಿ ಕೊಡ್ತೀವಿ ಅಂದರು. ಗಾಡಿ ಅದೇ, ಅಪಾಯವೂ ಅದೇ.

ಈಗ ನಮ್ಮ ದೇಶದ ನಿಯಮ ಕೇಳಿ. ಬಳಸಿದ ಗಾಡಿ ಹೊರಗಿನಿಂದ ತರಬೇಕು ಅಂದರೆ ಅದು ತಯಾರಾಗಿ 3 ವರ್ಷ ದಾಟಿರಬಾರದು. ಸ್ಟೇರಿಂಗ್ ಬಲಗಡೆ ಇರಬೇಕು. ಮುಂಬಯಿ ಬಂದರಿನಿಂದಲೇ ಬರಬೇಕು. ಸುಂಕದ ಮಾತು ಆಮೇಲೆ. ಅಮೆರಿಕಾದವರು ಬಲಗಡೆ ಓಡಿಸೋ ಜನ, ಜಪಾನಿನ ಟ್ರಕ್ಕಿನ ಸ್ಟೇರಿಂಗ್ ಅವರಿಗೆ ಉಲ್ಟಾ. ಆದರೂ 25 ದಾಟಿದ ಮುದಿ ಟ್ರಕ್ಕು ಅವರಿಗೆ ಸಿಗುತ್ತೆ. ನಮಗೆ ಸ್ಟೇರಿಂಗೂ ಸರಿ, ರಸ್ತೆಯ ಬದಿಯೂ ಸರಿ, ಗುಡ್ಡಕ್ಕೂ ಸರಿ, ಆದರೆ 3 ವರ್ಷದ ಒಳಗಿನದು ಬೇಕು. ಅಷ್ಟು ಹೊಸದನ್ನ ಜಪಾನಿನವನು ಯಾಕೆ ಅಗ್ಗಕ್ಕೆ ಮಾರ್ತಾನೆ? ನಿಯಮದ ಹಿಂದೆ ಕಾರಣ ಇದೆ. ಬಾಗಿಲು ತೆರೆದರೆ ಪ್ರಪಂಚದ ಗುಜರಿಯೆಲ್ಲ ಇಲ್ಲಿಗೆ ಬರುತ್ತೆ, ನಮ್ಮ ಕಾರ್ಖಾನೆ ಕೆಲಸ ಹೋಗುತ್ತೆ. ಅದನ್ನ ನಾನು ಒಪ್ತೀನಿ. ಆದರೆ ಐದಡಿ ಅಗಲದ, ನಾಲ್ಕು ಚಕ್ರ ಎಳೆಯೋ, ಅರ್ಧ ಟನ್ನಿಗೂ ಕಡಿಮೆ ಹೊರೋ ಟ್ರಕ್ಕನ್ನ ಇಲ್ಲಿ ಯಾರೂ ಮಾಡಿ ಮಾರುತ್ತಿಲ್ಲವಲ್ಲ ಅನ್ನೋದಷ್ಟೇ ನನ್ನ ಸಂಕಟ.

ರೈತನ ಅಡಚಣೆ ನೋಡಿ ನಿಯಮ ಬರೆದ ದೇಶವೂ ಒಂದಿದೆ. ಸ್ವೀಡನ್‌ನಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಟ್ರ್ಯಾಕ್ಟರ್ ಸಿಗುತ್ತಿರಲಿಲ್ಲ. ಹಳ್ಳಿಯವರು ಹಳೇ ಕಾರಿನ ಹಿಂಭಾಗ ಕತ್ತರಿಸಿ, ಗೇರ್ ಬಾಕ್ಸಿನ ಹಿಂದೆ ಇನ್ನೊಂದು ಗೇರ್ ಬಾಕ್ಸು ಜೋಡಿಸಿ ಟ್ರ್ಯಾಕ್ಟರ್ ಮಾಡಿಕೊಂಡರು. ಸರ್ಕಾರ ಹಿಡಿದು ದಂಡ ಹಾಕುವ ಬದಲು 1940ರಲ್ಲಿ ಅದಕ್ಕೊಂದು ನಿಯಮ ಮಾಡಿತು. ಅಗ್ಗದ ಸಾಮಾನಿನ 'ಈಪಿಎ' ಅನ್ನೋ ಅಂಗಡಿಯ ಹೆಸರನ್ನೇ ಜನ ಅದಕ್ಕೆ ಇಟ್ಟರು, ಈಪಿಎ ಟ್ರ್ಯಾಕ್ಟರ್ ಅಂತ. 1963ರಲ್ಲಿ ಎ-ಟ್ರ್ಯಾಕ್ಟರ್ ಅಂತ ಹೊಸ ವರ್ಗ ಬಂತು. ವೇಗ 30 ಕಿಲೋಮೀಟರ್, ಹಿಂದೆ ಎದ್ದು ಕಾಣೋ ತ್ರಿಕೋನ. 15 ವರ್ಷದ ಹುಡುಗರೂ ಓಡಿಸಬಹುದು. ಈಗ ಅಲ್ಲಿನ ಹಳ್ಳಿ ಹುಡುಗರಿಗೆ ಅದೊಂದು ಶೋಕಿ, ಅಪಘಾತವೂ ಆಗುತ್ತೆ, ಅದಕ್ಕೆ ಬೆಲ್ಟು ಸೀಟು ಅಂತ ಬಿಗಿ ಮಾಡಿದ್ದಾರೆ. ಆದರೆ ಗಾಡಿಗೆ ಹೆಸರಿದೆ, ನಂಬರಿದೆ.

ನಮ್ಮಲ್ಲಿ ಆ ಥರ ಕತ್ತರಿಸಿ ಜೋಡಿಸಿದ ಜೀಪುಗಳಿಗೆ ಜಾಗ ಇಲ್ಲ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತೆ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಯಾಗಿ ಹೇಳಿತು. ಉತ್ತರದ ಕಡೆ ಕಟ್ಟಿಸಿದ ಹೊಳೆಯೋ ಜೀಪು ನೋಡಿ ಮನಸ್ಸು ಮಾಡಿದವರು ಆರ್‌ಸಿಯಲ್ಲಿ ಬರೆದ ಎಂಜಿನ್ ಯಾವುದು, ಬಾನೆಟ್ ಕೆಳಗಿರೋ ಎಂಜಿನ್ ಯಾವುದು ಅಂತ ಮೊದಲು ನೋಡಿ.

ಎಟಿವಿ ವಿಷಯಕ್ಕೆ ಬರ್ತೀನಿ. ಹೊಸ ಗಾಡಿ ನೋಂದಣಿ ಆಗಬೇಕು ಅಂದರೆ ಮಾರಿದವರು ಕೊಡೋ ಫಾರಂ 21, ಗಾಡಿ ರಸ್ತೆಗೆ ಯೋಗ್ಯ ಅಂತ ತಯಾರಕರು ಕೊಡೋ ಫಾರಂ 22, ಇನ್ಶೂರೆನ್ಸು, ಇಷ್ಟು ಬೇಕು. ಫಾರಂ 22 ಬರಬೇಕಾದರೆ ಆ ಮಾದರಿ ಪರೀಕ್ಷಾ ಸಂಸ್ಥೆಯಲ್ಲಿ ಪಾಸಾಗಿರಬೇಕು. ಆಫ್ ರೋಡ್ ಅಂತ ಮಾರಿದ ಗಾಡಿ ಆ ಪರೀಕ್ಷೆಗೇ ಹೋಗಿರೋದಿಲ್ಲ. ಹಾಗಾಗಿ "ಪೇಪರ್ ಹಿಂದೆ ಬರುತ್ತೆ" ಅನ್ನೋ ಮಾತಿಗೆ ಆಧಾರವೇ ಇರಲಿಲ್ಲ. ತೋಟದ ಒಳಗೆ ತಾನೆ ಅಂತಲೂ ಧೈರ್ಯ ಬೇಡ. ಕಾಯ್ದೆಯಲ್ಲಿ ವಿನಾಯಿತಿ ಇರೋದು ಕಾರ್ಖಾನೆ ಅಥವಾ ಸುತ್ತುವರಿದ ಆವರಣದ ಒಳಗೆ ಮಾತ್ರ ಬಳಸೋ ವಿಶೇಷ ಬಗೆಯ ಗಾಡಿಗೆ. ಗಣಿ ಒಳಗೆ ಓಡೋ ಡಂಪರ್ ಕೂಡ ಮೋಟಾರು ವಾಹನವೇ ಅಂತ 1992ರಲ್ಲಿ ಒರಿಸ್ಸಾದ ಪ್ರಕರಣದಲ್ಲಿ ತೀರ್ಪಾಗಿದೆ. ಅಷ್ಟು ದೊಡ್ಡ ಗಣಿ ಕಂಪನಿಯ ವಾದವೇ ನಿಲ್ಲಲಿಲ್ಲ. ಬೇಲಿಗಿಂತ ಹೆಚ್ಚು ದಾರಿಗಳಿರೋ ನಮ್ಮ ತೋಟ ಯಾವ ಆವರಣ?

ಹುಡುಗ ಈಗ ಓಡಾಡ್ತಿದ್ದಾನೆ, ಚಳಿಗೆ ಕಾಲು ನೋಯುತ್ತೆ ಅಂತಾನೆ. ಎಟಿವಿ ಟಾರ್ಪಾಲ್ ಹೊದ್ದು ಶೆಡ್ಡಿನಲ್ಲಿದೆ. ಕೇಳಿದವರಿಗೆ ಮಾರೋಕೆ ನನಗೆ ಮನಸ್ಸು ಬರುತ್ತಿಲ್ಲ. ಔಷಧಿ ಡ್ರಮ್ಮು ಮತ್ತೆ ಅಪ್ಪನ ಜೀಪಿಗೇ ಹತ್ತಿದೆ. ಅದರ ಆರ್‌ಸಿ ಐದು ವರ್ಷದ ನವೀಕರಣ ಬರೋ ತಿಂಗಳು ಇದೆ, ಚಾಸಿ ಮೇಲಿನ ನಂಬರು ತುಕ್ಕು ಹಿಡಿದು ಎರಡು ಅಂಕಿ ಕಾಣ್ತಾ ಇಲ್ಲ. ಇದಕ್ಕೆ ಏನು ಮಾಡಿಸಬೇಕು ಅಂತ ಅನುಭವ ಇದ್ದವರು ಕೆಳಗೆ ಬರೀರಿ.